ಒಂಬತ್ತನೆಯವನು

ದುಡ್ಡು ಕಟ್ಟಿದ್ದವರು ಒಂಬತ್ತು ಜನ, ಒಬ್ಬ ಬರಲಿಲ್ಲ.
"ನೀನು ಬಾ ಅಪ್ಪ, ತಟ್ಟೆ ಉಳಿಯಬಾರದು," ಎಂದಳು ಮಗಳು.
"ಆದರೆ ಒಂದು ಷರತ್ತು:
ತಿನ್ನಲಿಕ್ಕೆ ಬಿಟ್ಟು ಬೇರೆ ಯಾತಕ್ಕೂ
ಬಾಯಿ ತೆರೆಯಕೂಡದು."

ಹಾಗಾಗಿ ಅರವತ್ತೇಳನೆಯ ವಯಸ್ಸಿನಲ್ಲಿ
ನನ್ನ ಊರನ್ನೇ ನೋಡಲು ಹೊರಟೆ.
ಎರ್ಮೂಪೊಲಿ, ಸೀರೋಸ್ ದ್ವೀಪ.
ಇಲ್ಲಿ ರಿಪೇರಿಗೆ ಬಂದ ಹಡಗುಗಳ ಹೊಟ್ಟೆಗೆ
ನಲವತ್ತು ವರ್ಷ ಬೆಸುಗೆ ಹಾಕಿದ್ದೇನೆ,
ಹೊಟ್ಟೆಪಾಡಿಗೆ.

ಅರ್ಗೀರೋ ಮರದ ಸೌಟನ್ನು ಬಾವುಟದ ಹಾಗೆ ಎತ್ತಿದಳು.
ಅದು ನನ್ನ ತಾಯಿಯ ಸೌಟು.
ಹೇಳಲಿಲ್ಲ. ಷರತ್ತು.

ಮೊದಲು ಲುಕೂಮಿ.
ಗುಲಾಬಿನೀರಿನ ನಡುಗುವ ತುಂಡು, ಮೈತುಂಬ ಸಕ್ಕರೆಯ ಹಿಟ್ಟು.
"ಉಸಿರು ಬಿಗಿಹಿಡಿದು ಕಚ್ಚಿ" ಎನ್ನುವಷ್ಟರಲ್ಲಿ
ಡಚ್ ಮಾಸ್ತರರು ಸೀನಿದರು;
ಪಕ್ಕದಲ್ಲಿದ್ದ ಹೆಂಡತಿಗೆ ನಿಂತಲ್ಲೇ ನರೆ ಬಂತು.
ಕಿಯೋಸ್ ಉರಿದಾಗ ದೋಣಿ ಹತ್ತಿ ಬಂದವರು
ಮನೆ ಕಟ್ಟುವ ಮೊದಲೇ ಕಡಾಯಿ ಹೂಡಿದರು ಅಂತ
ಮಗಳು ಹೇಳುತ್ತಿದ್ದಾಳೆ.
ಇರಬಹುದು. ನನಗೆ ಗೊತ್ತಿದ್ದದ್ದು ಇಷ್ಟೇ:
ಅಂಗಡಿಯ ಯಾಕುಮಿಸ್ ತೂಕದಲ್ಲಿ ಮೋಸ ಮಾಡುವುದಿಲ್ಲ,
ಇಸ್ಪೀಟಿನಲ್ಲಿ ಮಾಡುತ್ತಾನೆ.

ಆಮೇಲೆ ಗುಡ್ಡದ ಹಸುಗಳ ಚೀಸು, ಗಟ್ಟಿ, ಚುರುಕು,
ನಿಧಾನ ಕರಗುವ ಸಿಟ್ಟಿನ ಹಾಗೆ.
ಸೋಂಪಿನ ಘಮದ ಸಾಸೇಜು.
ದ್ರಾಕ್ಷಾರಸದಲ್ಲಿ ನೆನೆದು, ಲವಂಗ ಹೊದ್ದು,
ಬಡಗಣ ಗಾಳಿಗೆ ತೂಗಿ ಒಣಗಿದ ಹಂದಿಮಾಂಸ.
ಯಾರೂ ನೆಡದೆ ಗೋಡೆಯ ಬಿರುಕಿನಲ್ಲಿ ಹುಟ್ಟುವ ಕೇಪರ್ ಮೊಗ್ಗು,
ಉಪ್ಪಿನಲ್ಲಿ ಹಾಕಿದ್ದು.
ಎಲ್ಲದಕ್ಕೂ ಒಂದೊಂದು ಕಥೆ ಇತ್ತು ಅವಳ ಹತ್ತಿರ.
ಇಷ್ಟು ವರ್ಷ ಸುಮ್ಮನೆ ತಿಂದೆನಲ್ಲ
ಅನಿಸಿತು, ಕಿವುಡನ ಹಾಗೆ.

ಅಮೃತಶಿಲೆ ಹಾಸಿದ ಇಳಿಜಾರು ಬೀದಿ. ಜಾರುತ್ತದೆ.
ಎಡಕ್ಕೆ ಹಸಿರು ಬಾಗಿಲು, ಬೀಗ.
ಸೌಟು ನಿಲ್ಲಲಿಲ್ಲ.
"ಇಲ್ಲೇನಿತ್ತು?" ಮಾಸ್ತರರು ಕೇಳಿದರು.
"ಹಳೆಯ ಬೇಕರಿ. ಮುಚ್ಚಿ ಬಹಳ ಕಾಲವಾಯಿತು."

ಮಗಳಿಗೆ ಗೊತ್ತು. ನಾನೇ ಹೇಳಿದ್ದೆ.
ನಲವತ್ತೊಂದರ ಚಳಿಗಾಲ,
ಧಾನ್ಯದ ಹಡಗಿಗೆ ಊರೆಲ್ಲ ಕಾದ ವರ್ಷ,
ಈ ಬಾಗಿಲಿನ ಮುಂದೆ ಸಾಲು.
ಸಾಲಿನಲ್ಲಿ ನನ್ನ ತಾಯಿ, ಏಳು ವರ್ಷದವಳು,
ಮುಷ್ಟಿಯಲ್ಲಿ ಎರಡು ಚೀಟಿ: ತನ್ನದು, ತಮ್ಮನದು.
ತಮ್ಮ ಹೋಗಿ ಹತ್ತು ದಿನವಾಗಿತ್ತು.
ಗಂಟೆ ಬಾರಿಸದೆ ರಾತ್ರಿಯೇ ಹೂತಿದ್ದರು.
ಅಜ್ಜಿ ಅಳಗೊಡಲಿಲ್ಲ:
ಅತ್ತರೆ ನೆರೆಯವರಿಗೆ ಕೇಳುತ್ತದೆ,
ಕೇಳಿದರೆ ಚೀಟಿ ಹೋಗುತ್ತದೆ.
"ಲಿನಾರ್ದೋಸ್?" ಎಂದು ಕೂಗುವನು ರೊಟ್ಟಿಯವನು.
"ಜ್ವರ. ಮಲಗಿದ್ದಾನೆ."
ಅಂಗೈಯಗಲದ ಕಪ್ಪು ತುಂಡು,
ಅರ್ಧ ಹಿಟ್ಟು, ಇನ್ನರ್ಧ ಏನೋ.
ಈಸ್ಟರಿನವರೆಗೆ
ಸತ್ತ ಹುಡುಗ ಮನೆಗೆ ರೊಟ್ಟಿ ತಂದ.
ರೊಟ್ಟಿಯವನಿಗೆ ಗೊತ್ತಿತ್ತೇ?
ಗೊತ್ತಿತ್ತು ಅನ್ನುತ್ತಿದ್ದಳು ತಾಯಿ;
ಕೊನೆಕೊನೆಗೆ ಆ ತುಂಡು
ಕೊಂಚ ದೊಡ್ಡದಾಗುತ್ತಿತ್ತಂತೆ.

ಆ ಹೆಸರನ್ನೇ ನನಗಿಟ್ಟಳು.

ತಿನ್ನಲು ಬಂದವರಿಗೆ ಇದನ್ನು ಹೇಗೆ ಬಡಿಸುವುದು?
ಮಗಳು ಮಾಡಿದ್ದು ಸರಿಯೇ ಇರಬೇಕು.

ಕೊನೆಗೆ ಕಡಲ ಪಕ್ಕದ ಮೇಜು.
ಎರಡು ತೆಳು ಹಾಳೆಗಳ ನಡುವೆ ಜೇನು, ಬಾದಾಮಿ: ಹಲ್ವದೋಪಿತ.
ಕಚ್ಚಿದರೆ ಚೂರುಚೂರು.
ಎಲ್ಲರೂ ಎದ್ದ ಮೇಲೆ ಬೆರಳ ತುದಿ ಒದ್ದೆ ಮಾಡಿಕೊಂಡು
ಆ ಚೂರುಗಳನ್ನು ಒತ್ತಿ ಒತ್ತಿ ಎತ್ತಿಕೊಂಡೆ.
ತಾಯಿ ಹೀಗೇ ಮಾಡುತ್ತಿದ್ದಳು, ಹಬ್ಬದ ದಿನ ಕೂಡ.
"ಅಷ್ಟೊಂದು ರುಚಿಯೇ?" ನಕ್ಕರು ಮಾಸ್ತರರು.

ಮಗಳ ಮುಖ ನೋಡಿದೆ.

ಸೌಟನ್ನು ಮೇಜಿನ ಮೇಲಿಟ್ಟಳು ಅರ್ಗೀರೋ,
ಕುರ್ಚಿ ಎಳೆದಳು.
"ಕೂತುಕೊಳ್ಳಿ," ಎಂದಳು ಎದ್ದವರಿಗೆ, "ಇನ್ನೂ ಒಂದಿದೆ.
ಇವರು ನನ್ನ ಅಪ್ಪ.
ಹೆಸರು ಲಿನಾರ್ದೋಸ್."